ಮಾವ-ಅಳಿಯರ ಮ್ಯಾರಥಾನ್ ಕದನ

ನಾಲ್ಕು ಆಟ, ನಾಲ್ಕೂ ಸಮ. ದಿನಚರಿಯಲ್ಲಿ ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದು "ನಿಯಮಗಳು ಸಿದ್ಧ" ಎಂದು ಬರೆದಿದ್ದೆ.

ಗ್ರೀಕರಿಗೂ ಪರ್ಶಿಯನ್ನರಿಗೂ ಮ್ಯಾರಥಾನ್ ಬಯಲಿನಲ್ಲಿ ನಡೆದ ಯುದ್ಧವನ್ನು ಮೇಜಿನ ಮೇಲೆ ಪುಟ್ಟ ಗೊಂಬೆಗಳಿಂದ ಆಡುವ ಆಟ ಅದು. ನಿಯಮಗಳನ್ನು ಬರೆದವನು ನಾನು. ಪರ್ಶಿಯನ್ನರ ಬಾಣ ದೂರಕ್ಕೆ ಮುಟ್ಟುತ್ತದೆ. ಗ್ರೀಕರ ಈಟಿಗೆ ಶತ್ರು ಹತ್ತಿರವಿರಬೇಕು. ಹಾಗಾಗಿ ಗ್ರೀಕರು ಬಾಣದ ಮಳೆಯಲ್ಲಿ ಓಡಿ ಬರಲೇಬೇಕು. ಪೆಟ್ಟು ತಗಲಿತೋ ಇಲ್ಲವೋ, ದಾಳ ಹೇಳುತ್ತದೆ. ಇಂಥ ಆಟ ಆಡುವ ಗುಂಪೊಂದು ಹುಬ್ಬಳ್ಳಿಯಲ್ಲಿದೆ. ಬರುವ ಭಾನುವಾರ ಒಂದು ಮೇಜು ನನಗೆ ಬಿಟ್ಟುಕೊಡುವುದಾಗಿ ಹೇಳಿದ್ದರು. ಒಮ್ಮೆ ಬೇಸರ ಹಿಡಿಸಿದ ಆಟವನ್ನು ಅವರು ಎರಡನೇ ಸಲ ಮುಟ್ಟುವುದಿಲ್ಲ. ಎರಡು ವರ್ಷ ತಿದ್ದಿದ ನಿಯಮಗಳಿಗೆ ಸಿಗುವುದು ಅದೊಂದೇ ಮಧ್ಯಾಹ್ನ.

ನಾನಿರುವುದು ಬೆಟಗೇರಿಯಲ್ಲಿ. ಪರೀಕ್ಷೆ ಮಾತ್ರ ಲಕ್ಷ್ಮೇಶ್ವರದಲ್ಲಿ, ಸೋದರಮಾವನ ಟೇಲರ್ ಅಂಗಡಿಯ ಕಟಿಂಗ್ ಟೇಬಲ್ ಮೇಲೆ. ಅಷ್ಟು ಅಗಲದ ಮೇಜು ನಮ್ಮ ಬಳಗದಲ್ಲಿ ಇನ್ನೊಂದಿಲ್ಲ. ಮಣ್ಣಿನ ಗ್ರೀಕರಿಗೆ ಕೋಟಿನ ಗುಂಡಿಗಳೇ ಗುರಾಣಿ. ನೀಲಿ ಲೈನಿಂಗ್ ಬಟ್ಟೆ ಸಮುದ್ರ. ಸೈನಿಕರ ನಡಿಗೆ ಅಳೆಯಲು ಮಾವನ ಕೊರಳಲ್ಲಿ ಟೇಪು ಇದ್ದೇ ಇರುತ್ತದೆ. ಮಾವ ಗ್ರೀಕರ ಕಡೆ. ಪರ್ಶಿಯನ್ನರ ಕಡೆ ಅವರ ಅಳಿಯ, ಅಂದರೆ ಮಾವನ ಮಗಳನ್ನು ಈ ವರ್ಷವಷ್ಟೇ ಮದುವೆಯಾದ ಮುಂಡರಗಿಯವರು.

ಐದನೇ ಆಟ ಬರೀ ಖಾತ್ರಿಗೆ. ನಾನು ಅಂಕ ಬರೆಯುತ್ತಿದ್ದೆ. ಚಹಾ ತಂದ ಅತ್ತೆ ಹೋಗದೆ ಅಲ್ಲೇ ನಿಂತರು.

"ನೀವ ಮೊದ್ಲ ಬಿಡ್ರಿ ಬಾಣಾ, ಅಳಿಯಂದ್ರ," ಅಂದರು ಮಾವ.

"ಛೇ ಛೇ, ನೀವು ಹಿರ್ಯಾರು. ನೀವು ಮುಂದ ಬರ್ರಿ ಮಾವಾರ, ಆಮ್ಯಾಲೆ ನೋಡೂಣು."

ಅಳಿಯಂದಿರು ಕೊನೆಗೆ ಅಂಚಿನಲ್ಲಿದ್ದ ಇಬ್ಬರು ಗ್ರೀಕರನ್ನಷ್ಟೇ ಕೆಡವಿ ದಾಳ ಕೆಳಗಿಟ್ಟರು. ಮಾವ ಅಷ್ಟೇ ಮರ್ಯಾದೆಯಿಂದ ಇಬ್ಬರು ಪರ್ಶಿಯನ್ನರನ್ನು ಕೆಡವಿ ಹಿಂದೆ ಸರಿದರು.

ಅತ್ತೆಗೆ ನಗು ತಡೆಯಲಾಗಲಿಲ್ಲ. "ಇದೇನ್ ಯುದ್ಧಾನೋ, ಬೀಗರ ಊಟಾನೋ? ಇವರು ಎರಡು ಬಡಿಸಿದ್ರ ಅವರೂ ಎರಡು ಬಡಸ್ತಾರ!"

ನಾನು ಹಿಂದಿನ ಪುಟಗಳನ್ನು ತಿರುವಿದೆ. ಎಲ್ಲ ಆಟಗಳಲ್ಲೂ ಸತ್ತವರು ಸಮ. ನನ್ನ ನಿಯಮಗಳ ಸಮತೂಕವೆಂದು ಹೆಮ್ಮೆಪಟ್ಟದ್ದೆಲ್ಲ ಬೀಗರು ಬೀಗರಿಗೆ ತೀರಿಸಿದ ಮುಯ್ಯಿ ಆಗಿತ್ತು. ನಿಯಮಗಳ ಪರೀಕ್ಷೆ ಇನ್ನೂ ಆಗಿಯೇ ಇರಲಿಲ್ಲ.

"ಮಾವಾ, ಖರೇನ ಹೊಡದಾಡ್ರಿ," ಅಂದೆ.

"ಅಳಿಯಂದ್ರ ಎದಿಗೆ ಈಟಿ ಹಾಕು ಅಂತೀಯೇನ್ಲೇ? ನಾಳೆ ಮುಂಡರಗ್ಯಾಗ ಬೀಗರಿಗೆ ಏನ್ ಮುಖಾ ತೋರಸ್ಲಿ?"

ಚಹಾ ಮುಗಿಯಿತು. ಇಬ್ಬರೂ ಗೊಂಬೆಗಳನ್ನು ಬದಿಗೆ ಸರಿಸಿ, ಬೇಸರ ಕಳೆಯಲು ಇಸ್ಪೀಟು ಹಚ್ಚಿದರು. ಅದೇ ಮಾವ ಅಳಿಯಂದಿರ ರಾಜನ ಮೇಲೆ ತುರುಪಿನ ಎಲೆ ಬಡಿದು ಮೀಸೆ ತಿರುವಿದರು. ಕ್ಷಮೆ ಇಲ್ಲ, ಸಂಕೋಚವೂ ಇಲ್ಲ. ಅಳಿಯಂದಿರು ಹಲ್ಲು ಕಡಿದು ಮುಂದಿನ ಎಲೆಗೆ ಕಾದು ಕುಳಿತರು. ಇಸ್ಪೀಟಿನಲ್ಲಿ ಇವರಿಗೆ ಯಾವ ನೆಂಟಸ್ತಿಕೆಯೂ ನೆನಪಿರಲಿಲ್ಲ.

ನನಗೆ ದಾರಿ ಸಿಕ್ಕಿತು. ಹೊಸ ನಿಯಮವನ್ನು ಅಲ್ಲೇ ಬರೆದೆ: ಪ್ರತಿ ತುಕಡಿಯ ಮುಂದೆ ಆಟಗಾರ ತಾನೇ ಆರಿಸಿದ ಒಂದು ಎಲೆ ಬೋರಲಾಗಿ ಇಡಬೇಕು. ಕೆಂಪಾದರೆ ಮುನ್ನುಗ್ಗು. ಕಪ್ಪಾದರೆ ನಿಂತಲ್ಲೇ ನಿಲ್ಲು, ಬಿಲ್ಲಿದ್ದರೆ ಬಾಣ ಬಿಡು. ಎಲ್ಲ ಎಲೆಗಳನ್ನೂ ಒಟ್ಟಿಗೇ ತಿರುವಬೇಕು. ಮೊದಲು ಯಾರು ಎಂಬ ಉಪಚಾರಕ್ಕೆ ಇನ್ನು ಜಾಗವಿರಲಿಲ್ಲ.

"ತಿರುವ್ರಿ," ಅಂದೆ.

ಮಾವನವು ಎಲ್ಲವೂ ಕೆಂಪು. ಅಳಿಯಂದಿರವು ಎಲ್ಲವೂ ಕಪ್ಪು. ಗ್ರೀಕರು ಓಡಿದರು, ಬಾಣಗಳು ಬಿದ್ದವು, ಗುಂಡಿಯ ಗುರಾಣಿಗಳು ಟಣಟಣ ಉರುಳಿದವು. ಮುಂದಿನ ಸರದಿಯಲ್ಲಿ ಈಟಿಗಳು ಮುಟ್ಟಿ, ಪರ್ಶಿಯನ್ನರ ನಡುವಿನ ಸಾಲು ಒಡೆದು ಹಿಂದಕ್ಕೆ ಸರಿಯಿತು. ಮಾವ ಎದ್ದು ನಿಂತು ಕೂಗಿದರು: "ಎಲ್ಲಿಗೆ ಓಡ್ತೀಲೇ, ನಿಲ್ಲು!"

ಮನೆಯ ಅಳಿಯನಿಗೆ "ಲೇ" ಅಂದಿದ್ದರು. ಅತ್ತೆಯ ಕೈ ಬಾಯಿಗೆ ಹೋಯಿತು. ಅಳಿಯಂದಿರು ಮಾತ್ರ ಮೇಜಿನಿಂದ ಕಣ್ಣು ಕೀಳಲಿಲ್ಲ.

"ಓಡಾಂಗಿಲ್ರಿ ಮಾವಾರ. ನಿಮ್ಮ ಎಡಗಡೆ ಯಾರೂ ಉಳದಿಲ್ಲ, ಮೊದ್ಲ ಅದನ್ನ ನೋಡ್ಕೊಳ್ರಿ."

ಮಾವ ನೋಡಿದರು. ಖರೆ ಇತ್ತು. ಆ ಖಾಲಿ ಜಾಗದಿಂದಲೇ ಪರ್ಶಿಯನ್ನರು ನುಗ್ಗಿ ಗೆದ್ದರು.

"ಹಚ್ಚು, ಇನ್ನೊಂದಾಟ ಹಚ್ಚು," ಎಂದು ಮಾವ ನನ್ನ ಹೆಗಲು ಅಲುಗಿಸಿದರು. "ಈ ಸಲ ಪರ್ಶಿಯಾ ನಂದು!" ಆ ಆಟವನ್ನು ಗ್ರೀಕರು ಗೆದ್ದರು, ಅಂದರೆ ಮಾವ ಮತ್ತೆ ಸೋತರು. ಎರಡೂ ಸೈನ್ಯಗಳು ಒಂದೊಂದು ಸಲ ಗೆದ್ದಿದ್ದವು; ನಿಯಮಗಳದ್ದೇನೂ ತಪ್ಪಿಲ್ಲ ಎಂದು ಆಗ ಧೈರ್ಯವಾಗಿ ಬರೆದೆ.

ಭಾನುವಾರ ಹುಬ್ಬಳ್ಳಿಗೆ ಗೊಂಬೆಗಳ ಜೊತೆ ಮಾವನ ಇಸ್ಪೀಟು ಕಟ್ಟನ್ನೂ ಒಯ್ದೆ. ನನ್ನ ಮೇಜಿಗೆ ಬಂದ ಇಬ್ಬರೂ ಒಬ್ಬರಿಗೊಬ್ಬರು ಹೊಸಬರು. ಆಟ ಮುಗಿಯಿತು. ಹೇಗಿತ್ತು ಎಂದು ಕೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಎದ್ದು ಕುರ್ಚಿ ಅದಲುಬದಲು ಮಾಡಿಕೊಂಡು, ಬಿದ್ದ ಗೊಂಬೆಗಳನ್ನು ಮತ್ತೆ ಸಾಲಾಗಿ ನಿಲ್ಲಿಸತೊಡಗಿದ್ದರು.