ಅಂಕಿ ಬೀಳದ ಹಾಳೆಗಳು

ಸಂತೆಯಲ್ಲಿ ನಿಲ್ಲಿಸಿದ್ದರೆ ತುಳಜಾರಾಮರಿಗೆ ಯಾರೂ ಒಳ್ಳೆಯ ದರ ಕಟ್ಟುತ್ತಿರಲಿಲ್ಲ. ತೂಕ ಕಡಿಮೆ, ಬಾಗಿದ ಬೆನ್ನು, ಎಡಗಣ್ಣಿಗೆ ಪೊರೆ. ಆದರೆ ಬೆರಳುಗಳು ಮಾತ್ರ ಅಸಲಿ ಮಾಲು. ನಿಜಾಮರ ಕಾಲದಲ್ಲಿ ಉರ್ದು ಅರ್ಜಿ ಬರೆಯುತ್ತಿದ್ದ ಆ ಬೆರಳುಗಳು, ಐವತ್ತಾರರಲ್ಲಿ ರಾಜ್ಯ ಬದಲಾದ ಮೇಲೆ ಕನ್ನಡ ಟೈಪಿಂಗ್ ಕಲಿತವು. ಬಸವಕಲ್ಯಾಣದ ತಹಸೀಲ ಕಚೇರಿಯ ಎದುರು ನನ್ನ ಕಾಗದದಂಗಡಿಗೆ ಅಂಟಿಕೊಂಡ ಖೋಲಿಯಲ್ಲಿ ಅವರ ಯಂತ್ರವಿತ್ತು.

ಅವರಿಗೊಂದು ಹಟ. ಕೊನೆಯ ಹಾಳೆ ಯಂತ್ರದಿಂದ ಇಳಿಯುವವರೆಗೆ ಯಾವ ಹಾಳೆಗೂ ಪುಟಸಂಖ್ಯೆ ಹಾಕುತ್ತಿರಲಿಲ್ಲ. ರಾಶಿಪೂಜೆಗೆ ಮುಂಚೆ ಕಾಳು ಅಳೆಯಬಾರದೆಂಬ ಕಣದ ರಿವಾಜನ್ನು ಅವರು ಟೈಪಿಂಗಿಗೂ ತಂದಿದ್ದರು. ಮುಗಿಯದ್ದನ್ನು ಎಣಿಸಿದರೆ ಅದು ಮುಗಿಯುವುದೇ ಇಲ್ಲವೆಂದು ಅವರ ನಂಬಿಕೆ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಮುಡಬಿಯ ಮಚ್ಚೇಂದ್ರ ಬೀಸುಕಲ್ಲಿನ ಹಾಡುಗಳ ಮೇಲೆ ಪಿಎಚ್.ಡಿ. ಪ್ರಬಂಧ ಬರೆಯುತ್ತಿದ್ದ. ವಾರಕ್ಕೊಮ್ಮೆ ಬಸ್ಸಿಳಿದು ಬಂದು, ಕಿಟಕಿಯ ಬದಿಯ ಸ್ಟೂಲಿನ ಮೇಲೆ ಕೂತು ತನ್ನ ಕೈಬರಹ ಓದಿ ಹೇಳುತ್ತಿದ್ದ, ಇವರು ಕುಟ್ಟುತ್ತಿದ್ದರು. ಅರಿಕೆ, ಪರಿವಿಡಿಗಳಿಗೆ ರೋಮನ್ ಅಂಕಿ, ಮೊದಲ ಅಧ್ಯಾಯದಿಂದ ಹೊಸದಾಗಿ ಒಂದು, ಎರಡು ಎಂಬುದು ವಿಶ್ವವಿದ್ಯಾಲಯದ ನಿಯಮ.

"ಒಂದ ಪುಸ್ತಕಕ್ಕ ಎರಡು ಎಣಿಕಿ ಯಾಕಪಾ?" ಎಂದು ತುಳಜಾರಾಮರು ಕೆಣಕಿದ್ದರು.

"ಮೊದಲಿನ ಹಾಳಿ ಪಡಸಾಲಿ ಇದ್ದಂಗ ಕಾಕಾ. ಒಳಗ ಬಂದಮ್ಯಾಲೆ ಒಂದರಿಂದ ಶುರು. ಇವತ್ತರ ನಂಬರ್ ಹಾಕ್ರಿ."

"ರಾಶಿ ಆಗ್ಲಿ ತಡಿ. ಆಮ್ಯಾಲೆ ಅಳ್ಯಾಣು."

ಉಪಸಂಹಾರವೊಂದೇ ಉಳಿದಿತ್ತು. ಅದನ್ನು ಬರೆಯಲೆಂದು ಮಚ್ಚೇಂದ್ರ ಇಡೀ ಕೈಬರಹವನ್ನು ಚೀಲಕ್ಕೆ ಹಾಕಿಕೊಂಡು ಮಳೆಯಲ್ಲೇ ಊರಿಗೆ ಹೊರಟ. ಮರುದಿನ ಅವನ ಊರಿನ ಮಾರುತಿ ಬಂದು ಬಾಗಿಲಲ್ಲೇ ನಿಂತು ಹೇಳಿದ: ಹಳ್ಳ ದಾಟುವಾಗ ಹುಡುಗ ಹೋದ, ಚೀಲವೂ ಹೋಯಿತು. ತುಳಜಾರಾಮರು ದಡಕ್ಕನೆ ಎದ್ದರು. ಮೊಣಕೈ ತಾಗಿ ಟೈಪಾದ ಹಾಳೆಗಳ ರಾಶಿ, ಕಾರ್ಬನ್ ಪ್ರತಿಯ ಸಮೇತ, ಫ್ಯಾನಿನ ಗಾಳಿಗೆ ಖೋಲಿಯ ತುಂಬ ಹಾರಿತು. ಒಂದರ ಮೇಲೂ ಅಂಕಿ ಇರಲಿಲ್ಲ.

ಆಮೇಲೆ ಅವರು ಯಾರ ಅರ್ಜಿ ಕುಟ್ಟಿದರೂ, ಸಾಲಿನ ಕೊನೆಗೆ ಯಂತ್ರದ ಗಂಟೆ ಬಡಿದೊಡನೆ ಕಿಟಕಿಯ ಕಡೆಯಿಂದ ಅವರಿಗೆ ಒಂದು ಉಸಿರು ಕೇಳುತ್ತಿತ್ತು. ಮುಂದಿನ ಸಾಲು ಓದುವ ಮುನ್ನ ಮಚ್ಚೇಂದ್ರ ಎಳೆದುಕೊಳ್ಳುತ್ತಿದ್ದ ಉಸಿರು. ಆ ಸ್ಟೂಲಿನ ಮೇಲೆ ಅವರು ಯಾರನ್ನೂ ಕೂರಗೊಡಲಿಲ್ಲ. ಚಹಾದ ಮುನ್ನಿ ಬೀ ರೂಢಿಯ ಮೇಲೆ ಎರಡು ಕಪ್ ಇಟ್ಟು ಹೋಗುತ್ತಿದ್ದಳು. ಒಂದನ್ನು ಅವರು ಸ್ಟೂಲಿನ ಬದಿಗೆ ಸರಿಸುತ್ತಿದ್ದರು. ಸಂಜೆಗೆ ಎರಡೂ ಖಾಲಿ. ಬಿಟ್ಟಿ ಚಹಾ ಬಿಡುವ ಪೈಕಿಯವನಲ್ಲ ನಾನು, ಆದರೂ ಅದನ್ನು ನಾನು ಕುಡಿದಿಲ್ಲ.

ಉತ್ತರಕ್ರಿಯೆಯ ದಿನವಾರ ಕಳೆದ ಮೇಲೆ ಮಚ್ಚೇಂದ್ರನ ತಾಯಿ ಗಂಗುಬಾಯಿ ಬಂದಳು. ಹಾಳೆಗಳನ್ನು ಸಾಲಾಗಿ ಜೋಡಿಸಿ ಬೈಂಡ್ ಮಾಡಿಸಿ ತಂದರೆ ಮಗನ ಹೆಸರಿನಲ್ಲಿ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಇಡಿಸುವುದಾಗಿ ಅವನ ಗುರುಗಳು ಹೇಳಿದ್ದರು; ಅವರು ನಿವೃತ್ತರಾಗುವ ಮೊದಲೇ ಆಗಬೇಕಿತ್ತು.

"ನನ್ನ ಮಗನ ಪುಸ್ತಕ ಆಗ್ತದೇನ್ರಿ ಅಣ್ಣಾ?"

ತುಳಜಾರಾಮರು ತಲೆ ಎತ್ತಲಿಲ್ಲ. "ಅಂವಾ ನಂಬರ್ ಹಾಕಂದಿದ್ದ ತಂಗಿ. ನಾನೇ ಹಾಕಲಿಲ್ಲ. ಹಾಳಿಗೊಂದು ಹಾಡು, ಯಾವುದರ ಹಿಂದ ಯಾವುದು ಅಂತ ತಿಳೀವಲ್ದು."

ಆಕೆಗೆ ಅಕ್ಷರ ಬರುತ್ತಿರಲಿಲ್ಲ. ಹೋಗಿ ಸೀದಾ ಆ ಸ್ಟೂಲಿನ ಮೇಲೆ ಕೂತಳು. ಇವರು ಕೈ ಎತ್ತಿದರು, ತಡೆಯಲಾಗಲಿಲ್ಲ.

"ಓದ್ರಿ. ಅಂವಾ ನನ್ನ ಕಲ್ಲಿನ ಬಾಜೂಕ ಕೂತು ಬರದಾನ. ಮೊದಲ ಹಾಡು ಕಲ್ಲಿಗೆ, ಆಮ್ಯಾಲೆ ದೇವ್ರಿಗೆ, ಆಮ್ಯಾಲೆ ತವರಿಗೆ. ನಾ ಹಾಡಿದಂಗನ ಬರದಿರತಾನ."

ಇವರು ಒಂದೊಂದೇ ಹಾಳೆ ಎತ್ತಿ ಓದಿದರು. ಗಂಗುಬಾಯಿ ಬಲಗೈಯನ್ನು ಮೊಣಕಾಲ ಮೇಲೆ ಬೀಸುವಂತೆ ತಿರುಗಿಸುತ್ತ ಕೇಳುತ್ತಿದ್ದಳು. ಹಾಡು ಸರಿಯಾದ ಜಾಗಕ್ಕೆ ಬಂದರೆ ಕೈ ತಿರುಗುತ್ತಿತ್ತು. ತಪ್ಪಿದರೆ ನಿಲ್ಲುತ್ತಿತ್ತು, ಹಾಳೆ ಪಕ್ಕಕ್ಕೆ ಹೋಗುತ್ತಿತ್ತು. ಕೆಲವು ದಿನ ಹೀಗೆಯೇ ನಡೆಯಿತು. ಗೋಡೆಯಾಚೆ ಕೂತ ನನಗೆ ಒಮ್ಮೊಮ್ಮೆ ತುಳಜಾರಾಮರ ದನಿಯ ಜೊತೆ ಇನ್ನೊಂದು ದನಿಯೂ ಓದಿದಂತೆ ಕೇಳುತ್ತಿತ್ತು. ಗಿರಾಕಿಗಳನ್ನು ಕೇಳಿದೆ. ಅವರಿಗೆ ಕೇಳುವುದು ಹಾಳೆಯ ದರವೊಂದೇ.

ಕೊನೆಯಲ್ಲಿ ಕಲ್ಲು ಒರೆಸುವ ಹಾಡಿನ ಹಾಳೆ ಉಳಿಯಿತು.

"ಇಲ್ಲಿಗೆ ಹಿಟ್ಟು ಬಳಕೊಂಡು ಏಳೂದ್ರಿ," ಎಂದು ಗಂಗುಬಾಯಿ ಕೈ ನಿಲ್ಲಿಸಿದಳು.

ತುಳಜಾರಾಮರು ಪ್ರತಿಯೊಂದು ಹಾಳೆಯನ್ನೂ ಮತ್ತೆ ಯಂತ್ರಕ್ಕೇರಿಸಿ ಅಂಕಿ ಹಾಕಿದರು. ಪಡಸಾಲೆಗೆ ರೋಮನ್, ಒಳಗೆ ಒಂದರಿಂದ. ಬರೆಯದೇ ಉಳಿದ ಉಪಸಂಹಾರಕ್ಕೆಂದು ಒಂದು ಖಾಲಿ ಹಾಳೆ ಸೇರಿಸಿ ಅದಕ್ಕೂ ಅಂಕಿ ಹಾಕಿದರು. ಹುಮನಾಬಾದಿನಲ್ಲಿ ಬೈಂಡಾಯಿತು. ಗುರುಗಳು ಕೊಟ್ಟ ಮಾತು ನಡೆಸಿದರು.

ಅಂದಿನಿಂದ ತುಳಜಾರಾಮರು ಒಂದಕ್ಷರ ಕುಟ್ಟುವ ಮುನ್ನವೇ ಹಾಳೆಯ ಮೇಲೆ ಅಂಕಿ ಹಾಕತೊಡಗಿದರು. ಉಸಿರು ಮಾತ್ರ ಹೋಗಲಿಲ್ಲ. ಅವರು ಕಣ್ಣು ಮುಚ್ಚುವವರೆಗೂ, ಗಂಟೆ ಬಡಿದಾಗಲೊಮ್ಮೆ ಗೋಡೆಯಾಚೆಯಿಂದ ಅವರು ಹೇಳುವುದು ನನಗೆ ಕೇಳುತ್ತಿತ್ತು: "ಹಾಕೇನಪಾ, ಹಾಕೇನಿ."

ಈ ಹಾಳೆಗಳಿಗೆ ಬರೆಯುವ ಮೊದಲೇ ನಾನು ಅಂಕಿ ಹಾಕಿದ್ದೇನೆ. ಆ ರೂಢಿ ತುಳಜಾರಾಮರಿಂದ ಬಂದದ್ದು. ಅದಕ್ಕೆ ನಾನು ಅವರಿಗೆ ಋಣಿ.