ಫಲಕವಿಲ್ಲದ ಪೆಟ್ಟಿಗೆಯ ಜಡೆಗಂಟು

ಯಂತ್ರ ಮಾಡುವುದು ಜನರ ಕೈ, ಫಲಕದ ಮೇಲೆ ಮಾತ್ರ ಕಂಪನಿಯ ಹೆಸರು. ಗಿಟಾರಿನ ಹಳೆಯ ಆಂಪ್ಲಿಫೈಯರುಗಳನ್ನು ರಿಪೇರಿ ಮಾಡುವ ನಮ್ಮ ವಾಲ್ವ್ ಮಾವ, ಬಂದ ಪೆಟ್ಟಿಗೆಯನ್ನು ಮೊದಲು ಮೂಸುತ್ತಾರೆ, ಆಮೇಲೆ ಬೆನ್ನು ತಟ್ಟಿ, “ಎಲ್ಲಿ ನೋವು ಮರಿ?” ಎಂದು ಅದನ್ನೇ ಕೇಳುತ್ತಾರೆ. ತಂದವರು ಬಾಯಿ ಹಾಕಿದರೆ, “ನಿಮ್ಮನ್ನ ಕೇಳಿಲ್ಲ” ಎನ್ನುತ್ತಾರೆ. ಪೆಟ್ಟಿಗೆಯೊಳಗಿನ ವಾಲ್ವ್ ಎಂಬ ಗಾಜಿನ ಬುರುಡೆಯಲ್ಲಿ ಕೆಂಪು ಮೂಡಿತೆಂದರೆ ಊಟಕ್ಕೆ ಕರೆದ ಹೆಂಡತಿಗೂ, “ಮೆಲ್ಲಗೆ ಮಾತಾಡೇ, ಈಗಷ್ಟೇ ಕಣ್ಣು ಬಿಟ್ಟಿದೆ” ಎಂಬ ಗದರಿಕೆ. ಮೊನ್ನೆ ಗಿಟಾರಿನವನೊಬ್ಬ ಫಲಕ ಉದುರಿದ, ಉಸಿರಿಲ್ಲದ ಪೆಟ್ಟಿಗೆಯೊಂದನ್ನು ತಂದು, “ಯಾವ ಕಂಪನಿದು ಅಂತ ಗೊತ್ತಾಗದಿದ್ರೆ ಗುಜರಿಗೆ ಹಾಕ್ತೀನಿ” ಎಂದ. ಮಾವ ಹಿಂಬದಿ ಬಿಚ್ಚಿದರು. ತಂತಿಗಳನ್ನು ಕಟ್ಟಿದ ಮೇಣದ ದಾರದ ತುದಿಯಲ್ಲಿ ಜಡೆಗೆ ಹಾಕುವಂಥ ಗಂಟಿತ್ತು. ಪ್ರತಿ ಪೆಟ್ಟಿಗೆಯಲ್ಲೂ ಅವರು ಹುಡುಕುತ್ತಿದ್ದುದು ಅದನ್ನೇ. “ಲೇ, ಬಾರೇ ಇಲ್ಲಿ, ನಿನ್ನ ಗಂಟು ಸಿಕ್ತು” ಎಂದು ಕೂಗಿದರು. ಮದುವೆಗೆ ಮುಂಚೆ, ಈಗ ಮುಚ್ಚಿಹೋಗಿರುವ ಆಂಪ್ಲಿಫೈಯರ್ ಕಾರ್ಖಾನೆಯಲ್ಲಿ ತಂತಿ ಜೋಡಿಸುತ್ತಿದ್ದ ಹೆಂಡತಿ ಬಗ್ಗಿ ನೋಡಿದರು. “ನಂದೇ. ಪಕ್ಕದ ಬೆಸುಗೆ ಬಿಟ್ಟಿದೆ ನೋಡಿ, ಆವತ್ತು ಮೇಸ್ತ್ರಿ ಬೇಗ ಬೇಗ ಅಂತ ತಲೆ ಮೇಲೇ ನಿಂತಿದ್ದ. ಕೊಡಿ ಇಲ್ಲಿ.” ಆಕೆ ಬೆಸೆದರು, ಪೆಟ್ಟಿಗೆ ಹಾಡಿತು. “ಕಂಪನಿ ಯಾವುದು ಅಂತ ಹೇಳಲೇ ಇಲ್ಲ” ಎಂದ ಗಿಟಾರಿನವನಿಗೆ ಮಾವ, “ನಿನ್ನೆದುರಿಗೇ ನಿಂತಿದೆಯಲ್ಲಪ್ಪ” ಎಂದರು. ನಿಮ್ಮ ಅಟ್ಟದ ಹಳೆಯ ಯಂತ್ರವನ್ನು ಗುಜರಿಗೆ ಎಸೆಯುವ ಮುನ್ನ, ಅದನ್ನು ಕಟ್ಟಿದವರು ಯಾರೆಂದು ಒಮ್ಮೆ ಹುಡುಕಿ.