ಅಣ್ಣನ ಅಂಗಾಲು

ಕನಕಪುರದ ಬಳಿಯ ನಮ್ಮೂರಿನಲ್ಲಿ ರೇಷ್ಮೆಹುಳು ಸಾಕುವ ನನ್ನ ಅಣ್ಣನಿಗೆ ಸಕ್ಕರೆ ಕಾಯಿಲೆಯಿದೆ. ಕಳೆದ ವರ್ಷ ಅವನ ಬಲ ಅಂಗಾಲಿನಲ್ಲಿ ಗಾಯವಾಯಿತು. ನೋವು ತಿಳಿಯದ ಪಾದವಾದ್ದರಿಂದ, ಅದು ಆಳಕ್ಕಿಳಿದ ಮೇಲೆಯೇ ನಮ್ಮ ಕಣ್ಣಿಗೆ ಬಿದ್ದದ್ದು. ತಿಂಗಳುಗಟ್ಟಲೆ ಔಷಧಿ ಹಚ್ಚಿ ಪಟ್ಟಿ ಕಟ್ಟಿದರೂ ಮಾಯಲಿಲ್ಲ. ಹೀಗೆಯೇ ಮುಂದುವರಿದರೆ ಪಾದದ ಮುಂಭಾಗವನ್ನು ತೆಗೆಯಬೇಕಾದೀತೆಂದು ರಾಮನಗರದ ವೈದ್ಯರು ಎಚ್ಚರಿಸಿ, ಬೆಂಗಳೂರಿನ ಆಸ್ಪತ್ರೆಯೊಂದಕ್ಕೆ ಕಳುಹಿಸಿದರು. ಶಾಲೆಯ ಕೆಲಸವನ್ನು ಬಿಟ್ಟು ಬಿಡುವಾಗಿದ್ದ ನಾನು ಅಣ್ಣ ಮತ್ತು ಅತ್ತಿಗೆಯ ಜೊತೆ ಹೊರಟೆ.

ಅಲ್ಲಿನ ವೈದ್ಯೆ ಸಾವಧಾನದಿಂದ ವಿವರಿಸಿದರು. ಹೊಟ್ಟೆಯ ಚರ್ಮದಡಿಯ ಕೊಬ್ಬನ್ನು ಸ್ವಲ್ಪ ಹೀರಿ ತೆಗೆದು, ಅದರೊಳಗಿನ ಕಾಂಡಕೋಶಗಳನ್ನು, ಅಂದರೆ ಸ್ಟೆಮ್ ಸೆಲ್‌ಗಳನ್ನು, ಬೇರ್ಪಡಿಸಿ, ಗಾಯದ ಸುತ್ತ ಚುಚ್ಚುವುದು ಅವರ ಯೋಜನೆ.

"ಆ ಕೋಶಗಳೇ ಚರ್ಮವಾಗಿ ಬೆಳೆಯುತ್ತವೆಯೆ?" ಎಂದು ಕೇಳಿದೆ.

"ಮುಖ್ಯವಾಗಿ ಹಾಗಲ್ಲ. ಸುತ್ತಲಿನ ಕೋಶಗಳನ್ನು ಎಬ್ಬಿಸಿ ಕೆಲಸಕ್ಕೆ ಹಚ್ಚುತ್ತವೆ, ಹೊಸ ರಕ್ತನಾಳ ಮೂಡೋದಕ್ಕೆ ಸಹಾಯ ಮಾಡುತ್ತವೆ. ಇದು ಇನ್ನೂ ಪರೀಕ್ಷೆಯ ಹಂತದಲ್ಲಿರುವ ಚಿಕಿತ್ಸೆ. ಗ್ಯಾರಂಟಿ ಕೊಡಲಾರೆ."

ಅತ್ತಿಗೆಗೆ ಅರ್ಥವಾದದ್ದು ಕೊಬ್ಬಿನ ಸಂಗತಿ ಮಾತ್ರ. "ಹೊಟ್ಟೆ ಕರಗುಸ್ಕಳಿ ಅಂತ ಬಡ್ಕಂಡಿದ್ದೇ ಬಂತು ಡಾಕ್ಟ್ರೇ. ಎಷ್ಟಾದ್ರೂ ತಕ್ಕಳಿ, ಬೇಕಾದಂಗೈತೆ!"

"ಸುಮ್ಕಿರೇ, ನಿನ್ನ ಮುದ್ದೆ ತಿಂದೇ ಬಂದಿದ್ದದು," ಎಂದ ಅಣ್ಣ.

ವೈದ್ಯೆ ನಗುತ್ತಲೇ ಪಟ್ಟಿ ಬಿಚ್ಚಿದರು; ಆಮೇಲೆ ನಗು ನಿಂತಿತು. "ಅಂಚಿನಲ್ಲಿ ಏನಿದು, ಬಿಳಿ ಪುಡಿ?"

"ಸುಣ್ಣ ಕಣಮ್ಮ," ಎಂದ ಅಣ್ಣ.

ನಮ್ಮ ಕಡೆ ಹುಳುಮನೆಗೆ ಚಪ್ಪಲಿ ಮೆಟ್ಟಿ ಯಾರೂ ಹೋಗುವುದಿಲ್ಲ. ಹೊರಗಿನ ರೋಗ ಹುಳುಗಳಿಗೆ ತಗುಲದಿರಲೆಂದು ಬಾಗಿಲಲ್ಲಿ ಸುಣ್ಣ ಮತ್ತು ಬ್ಲೀಚಿಂಗ್ ಪುಡಿಯನ್ನು ಹರಡಿರುತ್ತೇವೆ. ಬರಿಗಾಲಿನಲ್ಲಿ ಅದನ್ನು ತುಳಿದೇ ಒಳಗೆ ಕಾಲಿಡಬೇಕು. ಅಣ್ಣ ಪ್ರತಿ ಸಲವೂ ಪಟ್ಟಿಯನ್ನು ಬಿಚ್ಚಿಟ್ಟು ಸುಣ್ಣ ತುಳಿದು ಹೋಗುತ್ತಿದ್ದ. ಹೊರಗೆ ಬಂದು ಮತ್ತೆ ಕಟ್ಟಿಕೊಳ್ಳುತ್ತಿದ್ದ.

"ಆಸ್ಪತ್ರೆ ಬಟ್ಟೆ ಒಳೀಕ್ ಹೋದ್ರೆ ಹುಳುಗೆ ರೋಗ ಅಂಟ್ಬುಡ್ತದೆ," ಎಂದು ಅವನೇ ವೈದ್ಯೆಗೆ ತಿಳಿಹೇಳಿದ. ಅದನ್ನು ದಿನವೂ ಕಂಡಿದ್ದ ಅತ್ತಿಗೆಗೂ ಅದರಲ್ಲಿ ತಪ್ಪು ಕಂಡಿರಲಿಲ್ಲ.

"ಹಾಗಾದರೆ ನಾನು ಎಂಥ ಕೋಶ ಹಾಕಿದರೂ ಆ ಸುಣ್ಣ ಸುಟ್ಟುಬಿಡುತ್ತೆ. ಗಾಯ ಮಾಯುವ ತನಕ ಒಳಗೆ ಹೋಗಬಾರದು. ಒಪ್ಪಿದರೆ ಮಾತ್ರ ಶುರು ಮಾಡೋಣ."

ಅಣ್ಣನ ಮುಖ ಕಪ್ಪಿಟ್ಟಿತು. "ಹುಳು ನಾಕ್ನೇ ಜ್ವರದಿಂದ ಎದ್ದವೆ, ಪೊರೆ ಬಿಟ್ಟವೆ. ಈಗ್ಲೇ ಸೊಪ್ಪು ಜಾಸ್ತಿ ಬೇಕು. ನಾನಿಲ್ದಿದ್ರೆ ಬೆಳೆ ಹೋಗ್ತದೆ."

"ಹುಳು ಹೋದ್ರೆ ಇನ್ನೊಂದು ಸಲ ತರಬೋದು," ಎಂದಳು ಅತ್ತಿಗೆ. "ಪಾದ ತರಕ್ಕೆ ಯಾವ ಸಂತೆಗೋಗ್ಲಿ ನಾನು?"

ಅವನು ಒಪ್ಪಿ ತಲೆಯಾಡಿಸಿದ.

ಚಿಕಿತ್ಸೆಯ ಬಳಿಕ ಅವನು ಹುಳುಮನೆಯ ಕಿಟಕಿಯಾಚೆ ಕುರ್ಚಿ ಹಾಕಿ ಕುಳಿತು, ಒಳಗಿದ್ದ ಅತ್ತಿಗೆಗೆ ಅಪ್ಪಣೆ ಕೊಡುತ್ತಿದ್ದ. ಅತ್ತಿಗೆ ತನಗೆ ಸರಿಕಂಡಂತೆ ಸೊಪ್ಪು ಹಾಕುತ್ತಿದ್ದಳು. ಆ ಬೆಳೆ ಹೋಗಲಿಲ್ಲ, ಮುಂದಿನವೂ ಹೋಗಲಿಲ್ಲ. ಗಾಯದ ತಳದಲ್ಲಿ ಕೆಂಪು ಮಾಂಸ ಮೂಡಿತು, ಅಂಚುಗಳು ಒಂದನ್ನೊಂದು ಸಮೀಪಿಸಿದವು, ಕೊನೆಗೆ ತೆಳುವಾದ ಹೊಸ ಚರ್ಮ ಮುಚ್ಚಿಕೊಂಡಿತು. ವಾಸಿ ಮಾಡಿದ್ದು ಕೋಶಗಳೋ, ಸುಣ್ಣದಿಂದ ದೂರವಿದ್ದುದೋ, ಹತೋಟಿಗೆ ಬಂದ ಸಕ್ಕರೆಯೋ ಎಂದು ಕೇಳಿದಾಗ, ಬಿಡಿಸಿ ಹೇಳಲಾಗದು ಎಂದರು ವೈದ್ಯೆ. ತಿಳಿಯದುದನ್ನು ತಿಳಿಯದೆಂದು ಹೇಳಿದ ಅವರ ಮೇಲೆ ನನಗೆ ಗೌರವ ಹೆಚ್ಚಿತು. ಕೃತಜ್ಞತೆಯನ್ನಂತೂ ನಾನು ಮೂರಕ್ಕೂ ಸಲ್ಲಿಸುತ್ತೇನೆ.

ಒಳಗೆ ಹೋಗಲು ಅನುಮತಿ ಸಿಕ್ಕಿದ ದಿನ ಅತ್ತಿಗೆ ಹೊಸ ರಬ್ಬರ್ ಚಪ್ಪಲಿಗಳನ್ನು ತೊಳೆದು ಹುಳುಮನೆಯೊಳಗೆ ಇಟ್ಟಿದ್ದಳು. ಅವು ಎಂದೂ ಹೊರಗೆ ಬರಬಾರದೆಂಬುದು ಅವಳ ಕಟ್ಟಪ್ಪಣೆ. ಅಣ್ಣ ಸುಣ್ಣವನ್ನು ತುಳಿಯದೆ ದಾಟಿ, ಆ ಚಪ್ಪಲಿಗಳನ್ನು ಮೆಟ್ಟಿ, ಹುಳುಗಳ ತಟ್ಟೆಗಳ ನಡುವೆ ನಡೆದ.

"ಇದೇನಮ್ಮಿ, ಸೊಪ್ಪು ಇಷ್ಟು ದಪ್ಪ ಹಾಕ್ಬುಟ್ಟಿದ್ದೀಯಾ?" ಎಂದು ಒಳಗಿನಿಂದ ಗದರಿದ.

ಹೊರಗೆ ನಿಂತಿದ್ದ ನಾನು, ಎರಡು ಪಾದಗಳೂ ಸಮವಾಗಿ ಊರುತ್ತಿದ್ದ ಸಪ್ಪಳವನ್ನೇ ಕೇಳುತ್ತಿದ್ದೆ.